ಹಿಂಬಾಗಿಲಿನಿಂದ ಬರುವ ಡಾಕ್ಟರು

ಲಿಯೋನ್
9 ಅಕ್ಟೋಬರ್ 1971

ಗಾಸ್ಪಾರ್,

ಕಳೆದ ವರ್ಷದ ಸುಗ್ಗಿಯ ವೈನಿನ ಪೆಟ್ಟಿಗೆಗಳು ಬಂದು ಸೇರಿದವು. ಒಂದು ಸೀಸೆಯೂ ಒಡೆದಿಲ್ಲ. ಅಷ್ಟು ಬಿಟ್ಟರೆ ಒಳ್ಳೆಯ ಸುದ್ದಿ ಏನೂ ಇಲ್ಲ.

ಸೋಮವಾರ ಮಧ್ಯಾಹ್ನ ಊಟಕ್ಕೆ ಮೊದಲ ಸೀಸೆ ತೆಗೆದೆ. ರೈಲ್ವೆಯ ಬೆರ್ತೊಲೆ ಗೊತ್ತಲ್ಲ, ಇಪ್ಪತ್ತು ವರ್ಷದಿಂದ ನನ್ನ ಊಟದ ಮನೆಯಲ್ಲಿ ಅದೇ ಮೂಲೆಯಲ್ಲಿ ಕೂತು ನಮ್ಮ ವೈನನ್ನೇ ಕುಡಿಯುವವನು. ಒಂದು ಗುಟುಕು ಕುಡಿದ, ಲೋಟವನ್ನು ಬೆಳಕಿಗೆ ಹಿಡಿದ. "ಏನಮ್ಮಾ ರೋಸಿನ್, ತಮ್ಮನ ಹತ್ರ ಜಗಳ ಗಿಗಳ ಆಡ್ಕೊಂಡು ಬೇರೆಯವರ ವೈನ್ ತರಿಸಿದ್ಯಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಒಬ್ಬಳೇ ಕುಡಿದು ನೋಡಿದೆ.

ಗಾಸ್ಪಾರ್, ಇದು ನಮ್ಮ ವೈನಲ್ಲ. ಕಪ್ಪಗಿದೆ, ದಪ್ಪಗಿದೆ, ಹಸಿ ಚರ್ಮದ ವಾಸನೆ ಹೊಡೆಯುತ್ತದೆ. ಮೆಣಸಿನ ಆ ಚುರುಕು ಎಲ್ಲಿ? ಗುಡ್ಡದ ಮೇಲಿನ ಥೈಮ್ ಗಿಡದ ಪರಿಮಳ ಎಲ್ಲಿ ಹೋಯಿತು?

ಇನ್ನೊಂದು ಮಾತು. ಝೆಲಿ ಚಿಕ್ಕಮ್ಮ ಮೊನ್ನೆ ಮೊಣಕಾಲು ತೋರಿಸಿಕೊಳ್ಳಲು ಲಿಯೋನಿಗೆ ಬಂದಿದ್ದರು. ಸೂಪು ಕುಡಿಯುತ್ತಾ ಕುಡಿಯುತ್ತಾ ಹೇಳಿದರು: "ನಿನ್ನ ತಮ್ಮನ ಮನೆಗೆ ಡಾಕ್ಟರು ಬರ್ತಾರಂತೆ ಕಣೇ. ಗುರುವಾರ ಮಧ್ಯಾಹ್ನ, ಊರೆಲ್ಲ ಮಲಗಿರೋ ಹೊತ್ತಲ್ಲಿ. ಅದೂ ಹಿಂಬಾಗಿಲಿಂದ." ಹೇಳಿ ಕಣ್ಣು ಮಿಟುಕಿಸಿದರು.

ನಮ್ಮ ಮೋಂಬ್ರಾಕಿನಲ್ಲಿ ಡಾಕ್ಟರು ಅಂದರೆ ಯಾರು ಅಂತ ನಿನಗೆ ನಾನು ಹೇಳಿಕೊಡಬೇಕೇ? ಬಡಕಲು ವೈನಿಗೆ ಮೈ ಬರಿಸಲು ಕಡಲಾಚೆಯಿಂದ ಟ್ಯಾಂಕರಿನಲ್ಲಿ ಬರುವ ಆ ಕಪ್ಪು, ಖಾರದ ವೈನು. ಆ ಡಾಕ್ಟರನ್ನು ಕರೆಸಿಕೊಂಡವರ ಮನೆಯಲ್ಲಿ ಅಪ್ಪ ನೀರೂ ಮುಟ್ಟುತ್ತಿರಲಿಲ್ಲ.

ಚಿಕ್ಕಮ್ಮನ ಬಾಯಿ ಹೇಗೆ ಅಂತ ನನಗೂ ಗೊತ್ತು. ಅದಕ್ಕೇ ನಿನ್ನನ್ನೇ ಕೇಳುತ್ತಿದ್ದೇನೆ. ಹೌದೋ ಅಲ್ಲವೋ?

ನಿನ್ನ ಅಕ್ಕ,
ರೋಸಿನ್

*

ಮೋಂಬ್ರಾಕ್
17 ಅಕ್ಟೋಬರ್ 1971

ಅಕ್ಕ,

ನಿನ್ನ ಕಾಗದವನ್ನು ಓದಿ ಮೈಯೆಲ್ಲ ಉರಿದುಹೋಯಿತು. ಸುಗ್ಗಿ ಮುಗಿದು ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಆಗುತ್ತಿಲ್ಲ, ಅಷ್ಟರಲ್ಲಿ ನಿನ್ನ ವಿಚಾರಣೆ.

ನನ್ನ ಮನೆಗೆ ಯಾವ ಬಾಗಿಲಿನಿಂದ ಯಾರು ಬರುತ್ತಾರೆ ಅನ್ನುವುದು ನನ್ನ ವಿಷಯ. ಝೆಲಿ ಚಿಕ್ಕಮ್ಮನಿಗೆ ಕಿಟಕಿ ಬಿಟ್ಟರೆ ಬೇರೆ ಲೋಕವಿಲ್ಲ. ಆಕೆ ಸೂಪಿನ ಜೊತೆ ಬಡಿಸಿದ್ದನ್ನೆಲ್ಲ ನೀನು ನುಂಗುತ್ತೀಯಾ? ನೀನು ಅಷ್ಟು ಪೆದ್ದಿಯಾಗಿರಲಿಲ್ಲವಲ್ಲ.

ವೈನು ಕಪ್ಪಗಿದ್ದರೆ ಬಿಸಿಲು ಜಾಸ್ತಿಯಿತ್ತು. ಮಿಸ್ತ್ರಾಲ್ ಗಾಳಿ ವಾರಗಟ್ಟಲೆ ಬೀಸಿ ಹಣ್ಣು ಗಿಡದಲ್ಲೇ ಬತ್ತಿತು. ಮೂವತ್ತು ವರ್ಷದಿಂದ ಲಿಯೋನಿನ ಮಂಜಿನಲ್ಲಿ ಕೂತವಳಿಗೆ ಇದೆಲ್ಲ ಮರೆತುಹೋಗಿರಬೇಕು.

ಹೊರಗಿನ ವೈನು ಅಂತ ಅಷ್ಟು ಹಾರಾಡುತ್ತೀಯಲ್ಲ, ನಮ್ಮ ಪೀಪಾಯಿಯಲ್ಲಿ ಊರಿನವರು ಯಾರಿದ್ದಾರೆ ಹೇಳು? ಗ್ರನಾಶ್ ದ್ರಾಕ್ಷಿ ಸ್ಪೇನಿನಿಂದ ಬೆಟ್ಟ ಹತ್ತಿ ಇಳಿದು ಬಂದದ್ದು. ಮೂರ್ವೆದ್ರ್ ಕೂಡ ಅಲ್ಲಿಯದೇ, ಕಡಲಂಚಿನಲ್ಲಿ ಬೆಳೆದದ್ದು, ಇವತ್ತಿಗೂ ಬೆಚ್ಚಗೆ ಇಡದಿದ್ದರೆ ಮುನಿಸಿಕೊಳ್ಳುತ್ತದೆ. ಸಿರಾ ನಿಮ್ಮ ಕಡೆಯದು, ರೋನ್ ನದಿಯ ಮೇಲಿನ ದಂಡೆಯಿಂದ ಇಲ್ಲಿಗೆ ಇಳಿದದ್ದು. ಮೂರು ಜನ ಪರದೇಶಿಗಳನ್ನು ಒಂದು ಸೂರಿನಡಿ ಕೂರಿಸಿ ಅಪ್ಪ ಅದಕ್ಕೆ ಮೋಂಬ್ರಾಕ್ ಅಂತ ಹೆಸರಿಟ್ಟರು. ಅಷ್ಟೇ.

ನಿನ್ನ ನಾದಿನಿ ಕ್ಲಾರಿಸ್ ನಿನಗೆ ಆಲಿವ್ ಕಳಿಸಿದ್ದಾಳೆ. ಅದರಲ್ಲೂ ಏನಾದರೂ ಕಲಬೆರಕೆ ಇದೆಯೋ ನೋಡಿಕೋ.

ಗಾಸ್ಪಾರ್

*

ಲಿಯೋನ್
2 ನವೆಂಬರ್ 1971

ಗಾಸ್ಪಾರ್,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ದ್ರಾಕ್ಷಿಯ ವಂಶಾವಳಿ ಚೆನ್ನಾಗಿ ಹೇಳಿದ್ದೀಯ. ಆದರೆ "ಇಲ್ಲ ಅಕ್ಕ, ಡಾಕ್ಟರು ಬಂದಿಲ್ಲ" ಅನ್ನುವ ಒಂದು ಸಾಲು ಮಾತ್ರ ಎಲ್ಲೂ ಇಲ್ಲ. ನೀನು ಚಿಕ್ಕವನಿದ್ದಾಗಲೂ ಹೀಗೇ. ಕೇಳಿದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಿದ್ದೆ.

ನಿನ್ನೆ ಊಟದ ಮನೆಯ ಹಲಗೆಯ ಮೇಲಿಂದ ನಮ್ಮ ವೈನಿನ ಹೆಸರು ಒರೆಸಿದೆ. ಇಷ್ಟು ವರ್ಷ ಗಿರಾಕಿಗಳು ನನ್ನನ್ನು ನಂಬಿ ಕುಡಿದರು. "ನಮ್ಮಪ್ಪನ ಮನೇದು, ಕಣ್ಮುಚ್ಕೊಂಡು ಕುಡೀರಿ" ಅಂತ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುತ್ತಿಲ್ಲ. ನನ್ನ ಊಟದ ಮನೆಯ ಮಾನ ಹೋದರೆ ನನಗೆ ಬೇರೆ ಏನೂ ಇಲ್ಲ, ಅದು ನಿನಗೆ ಗೊತ್ತು.

ಒಂದು ದಾರಿ ಇದೆ. ಬೆರೆಸುವ ಮೊದಲು, ಈ ವರ್ಷದ ಮೂರು ವೈನುಗಳನ್ನು ಬೇರೆ ಬೇರೆಯಾಗಿ ಒಂದೊಂದು ಸೀಸೆ ಕಳಿಸು. ಪೀಪಾಯಿಯಿಂದ ನೀನೇ ನಿನ್ನ ಕೈಯಾರೆ ತುಂಬು. ನಾನು ಕುಡಿದು ನೋಡುತ್ತೇನೆ. ಸರಿಯಿದ್ದರೆ ನಿನ್ನ ಕಾಲು ಹಿಡಿದು ತಪ್ಪಾಯಿತು ಅನ್ನುತ್ತೇನೆ.

ಕಳಿಸದೇ ಇದ್ದರೆ ಏನು ಅಂದುಕೊಳ್ಳಬೇಕೋ ಅದನ್ನೇ ಅಂದುಕೊಳ್ಳುತ್ತೇನೆ.

ರೋಸಿನ್

ಆಲಿವ್ ಚೆನ್ನಾಗಿತ್ತು. ಕ್ಲಾರಿಸ್‌ಗೆ ಹೇಳು.

*

ಮೋಂಬ್ರಾಕ್
21 ನವೆಂಬರ್ 1971

ಅಕ್ಕ,

ಮೂರು ಸೀಸೆ ರೈಲಿನಲ್ಲಿ ಹಾಕಿದ್ದೇನೆ. ಬಿರಡೆಗೆ ಕಟ್ಟಿದ ಚೀಟಿಯಲ್ಲಿ ಹೆಸರು ಬರೆದಿದ್ದೇನೆ. ನಾನೇ ತುಂಬಿದೆ, ನಾನೇ ಕಟ್ಟಿದೆ, ನಿಲ್ದಾಣಕ್ಕೂ ನಾನೇ ಹೊತ್ತುಕೊಂಡು ಹೋದೆ.

ಸಮಾಧಾನವಾಯಿತೇ?

ಗಾಸ್ಪಾರ್

*

ಲಿಯೋನ್
30 ನವೆಂಬರ್ 1971

ಗಾಸ್ಪಾರ್,

ನನ್ನನ್ನು ಏನಂದುಕೊಂಡಿದ್ದೀಯ ನೀನು?

ಗ್ರನಾಶ್ ಬಗ್ಗೆ ನನ್ನ ತಕರಾರಿಲ್ಲ. ಕಾದ ಕಲ್ಲು, ಹಣ್ಣಿನ ಮುರಬ್ಬ, ಗಂಟಲಲ್ಲಿ ಹಿತವಾದ ಬಿಸಿ. ಮನೆಗೆ ಹೋಗಿ ಬಂದಂತಾಯಿತು. ಆಮೇಲೆ ಸಿರಾ ಅಂತ ಚೀಟಿ ಕಟ್ಟಿದ ಸೀಸೆ ಬಿಚ್ಚಿದೆ. ಅದರಿಂದ ಎದ್ದು ಬಂದದ್ದು ಕುದುರೆಯ ಜೀನಿನ ವಾಸನೆ, ಒದ್ದೆ ನಾಯಿಯ ವಾಸನೆ. ಅದು ಮೂರ್ವೆದ್ರ್! ಮೂರ್ವೆದ್ರ್ ಅಂತ ಬರೆದ ಸೀಸೆಯಲ್ಲಿ ಮೆಣಸು, ವಯಲೆಟ್ ಹೂವು, ಕಪ್ಪು ಆಲಿವ್. ಅಪ್ಪಟ ಸಿರಾ. ಚೀಟಿ ಅದಲುಬದಲು ಮಾಡಿ ಕಳಿಸಿದ್ದೀಯ. ಅಕ್ಕನಿಗೆ ನಾಲಿಗೆ ಇದೆಯೋ ಇಲ್ಲವೋ ಅಂತ ಪರೀಕ್ಷೆ, ಅಲ್ಲವೇ? ನಾನು ತಪ್ಪು ಹೇಳಿದ್ದರೆ "ಇವಳಿಗೇನು ಗೊತ್ತು, ಸಿರಾಕ್ಕೂ ಮೂರ್ವೆದ್ರಿಗೂ ವ್ಯತ್ಯಾಸ ತಿಳಿಯದವಳು" ಅಂತ ನನ್ನ ಬಾಯಿಗೆ ಬೀಗ ಹಾಕಬಹುದಿತ್ತು. ಬಲೇ ಉಪಾಯ.

ಎರಡೂ ಕಪ್ಪು ಬಣ್ಣದವು, ಕಣ್ಣಿಗೆ ತಿಳಿಯುವುದಿಲ್ಲ ನಿಜ. ಮೂಗಿಗೆ ತಿಳಿಯುವುದಿಲ್ಲವೇನೋ? ಅದಕ್ಕೇ ತಾನೇ ನಮ್ಮ ಮನೆಯಲ್ಲಿ ಪೀಪಾಯಿಗಳ ಮೇಲೆ ಇವತ್ತಿಗೂ ಹೆಸರು ಬರೆಯುವುದಿಲ್ಲ? "ಮೂಗಿದ್ದೋನಿಗೆ ಚೀಟಿ ಯಾಕೋ? ಚೀಟಿ ಬೇಕಾದೋನಿಗೆ ನೆಲಮಾಳಿಗೆಯಲ್ಲಿ ಏನು ಕೆಲಸ?" ಅಂತ ಅಪ್ಪ ಎಷ್ಟು ಸಲ ಗದರಿದ್ದಾರೆ.

ಮೂರರಲ್ಲೂ ಹೊರಗಿನದು ಏನೂ ಇಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಆಟ ಆಡುವವನು ಒಳ್ಳೆಯ ಸೀಸೆಗಳನ್ನೇ ಕಳಿಸಿರುತ್ತಾನೆ. ಹೋದ ವರ್ಷದ್ದರಲ್ಲಿ ಏನು ಹಾಕಿದೆ?

ನನಗೆ ಇನ್ನು ತಾಳ್ಮೆ ಇಲ್ಲ. ಕಲಬೆರಕೆ ತಡೆಯುವ ಇಲಾಖೆಯ ಅಧಿಕಾರಿಯೊಬ್ಬರು ನನ್ನಲ್ಲಿಗೆ ಊಟಕ್ಕೆ ಬರುತ್ತಾರೆ. ಹೋದ ವರ್ಷದ ಒಂದು ಸೀಸೆಯನ್ನು ಅವರ ಕೈಗೆ ಕೊಟ್ಟಿದ್ದೇನೆ. ಗುರುವಾರದ ಡಾಕ್ಟರ ವಿಷಯವನ್ನೂ ಹೇಳಿದ್ದೇನೆ. ನಿನ್ನ ಬೆನ್ನ ಹಿಂದೆ ಮಾಡಿದೆ ಅಂತ ನಾಳೆ ನೀನು ಅನ್ನಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ರೋಸಿನ್

*

ಮೋಂಬ್ರಾಕ್
6 ಜನವರಿ 1972

ಅಕ್ಕ,

ಬರೆಯಬಾರದು ಅಂದುಕೊಂಡಿದ್ದೆ. ಕ್ರಿಸ್‌ಮಸ್‌ಗೂ ಬರೆಯಲಿಲ್ಲ. ಇವತ್ತು ಕ್ಲಾರಿಸ್ ಕಾಗದ ಲೇಖನಿ ಎರಡನ್ನೂ ಮುಂದೆ ತಂದಿಟ್ಟು, ಬರೆಯುವ ತನಕ ಊಟವಿಲ್ಲ ಅಂದಳು.

ನಿನ್ನ ಇಲಾಖೆಯವರು ಬಂದಿದ್ದರು. ಸಹಕಾರ ಸಂಘದ ಅಧ್ಯಕ್ಷ ಔದಿಬೆರ್‌ನನ್ನು ಸಾಕ್ಷಿಗೆ ಕರೆತಂದರು. ಅವನ ಹಿಂದೆ ಅರ್ಧ ಊರು ಬಂತು. ಪೀಪಾಯಿಗಳಿಂದ ಸೀಸೆಗಳಿಗೆ ತುಂಬಿಕೊಂಡರು, ಅರಗಿನ ಮುದ್ರೆ ಒತ್ತಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಇಲಾಖೆಯವರಲ್ಲಿ ಹಿರಿಯರು, ಮರ್ಯಾದಸ್ಥರು, ಕೇಳಿದರು: "ಇವುಗಳ ಮೇಲೆ ಹೆಸರಿಲ್ಲವಲ್ಲ, ಯಾವುದು ಸಿರಾ, ಯಾವುದು ಮೂರ್ವೆದ್ರ್?" ಎರಡು ಲೋಟ ನನ್ನ ಮುಂದೆ ಇಟ್ಟರು.

"ತೋರ್ಸಪ್ಪಾ ಗಾಸ್ಪಾರ್," ಔದಿಬೆರ್ ಅಂದ. "ನಿಮ್ಮಪ್ಪ ನಿದ್ದೆಗಣ್ಣಲ್ಲೂ ಹೇಳೋರು."

ನಾನು ಲೋಟ ಎತ್ತಿದೆ. ಮೂಗಿನ ಹತ್ತಿರ ಹಿಡಿದೆ. ನೀರು ಹಿಡಿದ ಹಾಗಿತ್ತು ಅಕ್ಕ. ಹೋದ ಫೆಬ್ರವರಿಯಲ್ಲಿ ಜ್ವರ ಬಂದಿತ್ತಲ್ಲ, ಬರೆದಿದ್ದೆ. ಜ್ವರ ಹೋಯಿತು, ಮೂಗು ತಿರುಗಿ ಬರಲಿಲ್ಲ. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ನಾನು ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದೆ, ಆವತ್ತು ಕ್ಲಾರಿಸ್‌ಗೆ ಗೊತ್ತಾಯಿತು. ನಾಲಿಗೆಗೆ ಉಪ್ಪು ಹುಳಿ ಸಿಹಿ ತಿಳಿಯುತ್ತದೆ, ವೈನಿನ ಒಗರು, ಬಿಸಿ ತಿಳಿಯುತ್ತದೆ. ಮಿಕ್ಕಿದ್ದೇನೂ ಇಲ್ಲ.

ನೀನು ಪರೀಕ್ಷೆ ಅಂದೆಯಲ್ಲ, ನಾನು ಚೀಟಿ ಅದಲುಬದಲು ಮಾಡಲಿಲ್ಲ. ನವೆಂಬರಿನಲ್ಲಿ ಆಳುಗಳು ವೈನನ್ನು ತಿಳಿಗೊಳಿಸಲು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಬಸಿದಾಗ ಯಾವುದು ಎಲ್ಲಿಗೆ ಹೋಯಿತೋ ನನಗೆ ತಿಳಿಯಲಿಲ್ಲ. ಕೇಳಿದರೆ ಗುಟ್ಟು ಬಯಲಾಗುತ್ತಿತ್ತು. ಅಂದಾಜಿನ ಮೇಲೆ ಚೀಟಿ ಕಟ್ಟಿದೆ. ನಿನ್ನ ಕಾಗದ ಓದಿದಾಗಲೇ ಗೊತ್ತಾದದ್ದು, ಹೋದ ವರ್ಷವೂ ಹೀಗೇ ಆಗಿರಬೇಕು, ಸಿರಾ ಅಂದುಕೊಂಡು ಮೂರ್ವೆದ್ರನ್ನೇ ಕೊಡಗಟ್ಟಲೆ ಸುರಿದಿರಬೇಕು. ನಿನ್ನ ಬೆರ್ತೊಲೆ ಬೈದದ್ದು ಸರಿಯಾಗಿಯೇ ಇದೆ.

ಲೋಟ ಹಿಡಿದು ನಿಂತೆ. ತಪ್ಪು ಹೇಳಿದರೂ ಕಷ್ಟ, ಸುಮ್ಮನಿದ್ದರೂ ಕಷ್ಟ. ಆಗ ಆ ಹಿರಿಯರು ಕೇಳಿಯೇಬಿಟ್ಟರು: "ಗುರುವಾರ ಹಿಂಬಾಗಿಲಿಂದ ನಿಮ್ಮಲ್ಲಿಗೆ ಡಾಕ್ಟರು ಬರ್ತಾರಂತಲ್ಲ?" ಎಲ್ಲರೂ ಹೋ ಅಂತ ನಕ್ಕರು. ಔದಿಬೆರ್ ತೊಡೆ ತಟ್ಟಿಕೊಂಡ.

ನಿಜ ಹೇಳಲಾ ಅಕ್ಕ? ನಾನು ಹೂಂ ಅಂತ ತಲೆಯಾಡಿಸುವವನಿದ್ದೆ. ಕಲಬೆರಕೆ ಮಾಡಿದೆ ಅಂತ ಒಪ್ಪಿಕೊಳ್ಳುವವನಿದ್ದೆ. ನಿನ್ನ ಮೊದಲ ಕಾಗದಕ್ಕೆ ಇಲ್ಲ ಅಂತ ಬರೆಯದೇ ಇದ್ದದ್ದೂ ಅದಕ್ಕೇ. ಮೋಸ ಮಾಡಿದವನನ್ನು ಈ ಊರು ಎರಡು ಚಳಿಗಾಲ ಬೈದು ಮೂರನೆಯದಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ. ಮೂಗಿಲ್ಲದವನ ಕೈಗೆ ಯಾರು ಲೋಟ ಕೊಡುತ್ತಾರೆ? ನೀನು ನನ್ನನ್ನು ಕಳ್ಳ ಅಂದಾಗ ಹೊಟ್ಟೆ ಉರಿಯಿತು, ಆದರೆ ಒಳಗೊಳಗೇ ಬದುಕಿದೆ ಅನ್ನಿಸಿತು.

ಅಷ್ಟರಲ್ಲಿ ಮೆಟ್ಟಿಲ ಮೇಲಿದ್ದ ಕ್ಲಾರಿಸ್ ಕಿರುಚಿದಳು. "ಅವರು ಕಿವಿ ಮೂಗಿನ ಡಾಕ್ಟರು ಕಣ್ರೀ! ಕಾರ್ಪಂತ್ರಾದಿಂದ ಬರ್ತಾರೆ! ಇವರಿಗೆ ವಾಸನೆ ತಿಳಿಯಲ್ಲ, ಒಂದು ವರ್ಷ ಆಯ್ತು! ನಗ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಔದಿಬೆರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಸತ್ತವರ ಮನೆಗೆ ಬಂದವನ ಹಾಗೆ. ಅವರು ನಕ್ಕಿದ್ದಕ್ಕಿಂತ ಅದೇ ನನಗೆ ಹೆಚ್ಚು ಚುಚ್ಚಿತು.

ಪ್ರಯೋಗಶಾಲೆಯ ಕಾಗದ ನಿನ್ನೆ ಬಂತು. ಹೊರಗಿನ ವೈನು ಒಂದು ತೊಟ್ಟೂ ಇಲ್ಲವಂತೆ. ಊರಿನ ವೈನಿಗೆ ಹೆಸರು ಕೊಡುವ ರುಚಿ ಮಂಡಳಿಯಿಂದ ನನ್ನನ್ನು ಬಿಡಿಸಿದ್ದಾರೆ, ಬಹಳ ಮರ್ಯಾದೆಯಿಂದಲೇ. ಈಗ ಬೀದಿಯಲ್ಲಿ ಸಿಕ್ಕವರೆಲ್ಲ ನನ್ನ ಹತ್ತಿರ ಜೋರಾಗಿ ಮಾತಾಡುತ್ತಾರೆ. ಹೋಗಿದ್ದು ಮೂಗು, ಕಿವಿಯಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ.

ಡಾಕ್ಟರು ಇನ್ನು ಬರುವುದಿಲ್ಲ. ಹೋದ ಗುರುವಾರ ಅವರೇ ಹೇಳಿದರು, ಇನ್ನು ಬಂದು ಪ್ರಯೋಜನವಿಲ್ಲ ಅಂತ. ಈ ಸಲ ಮುಂಬಾಗಿಲಿನಿಂದಲೇ ಕಳಿಸಿಕೊಟ್ಟೆ.

ಮಾರ್ಚಿನೊಳಗೆ ಬೆರೆಸಬೇಕು. ಹೇಗೆ ಬೆರೆಸಲಿ ಹೇಳು.

ಗಾಸ್ಪಾರ್

*

ಲಿಯೋನ್
11 ಜನವರಿ 1972

ಗಾಸ್ಪಾರ್,

ಕ್ಷಮಿಸು ಅಂತ ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಎಷ್ಟು ಸಲ ಬರೆದರೂ ಅದು ಸುಳ್ಳಿನಂತೆಯೇ ಕಾಣುತ್ತದೆ. ಊರೆದುರು ನಿನ್ನನ್ನು ನಿಲ್ಲಿಸಿದವಳು ನಾನು. ಒಡಹುಟ್ಟಿದವಳು ಯಾವಳಾದರೂ ಹೀಗೆ ಮಾಡುತ್ತಾಳೆಯೇ? ನಿನ್ನೆ ಇಡೀ ದಿನ ಅತ್ತೆ. ಗಿರಾಕಿಗಳಿಗೆ ಈರುಳ್ಳಿ ಹೆಚ್ಚುತ್ತಿದ್ದೆ ಅಂದೆ.

ಆದರೆ ನಿನ್ನ ಮೇಲೆ ಸಿಟ್ಟೂ ಇದೆ. ಕಳ್ಳ ಅನ್ನಿಸಿಕೊಳ್ಳುವುದು ವಾಸಿ ಅಂದುಕೊಂಡೆಯಾ? ನನ್ನ ಹತ್ತಿರವೂ? ಚಿಕ್ಕಂದಿನಲ್ಲಿ ನೀನು ಬಾವಿಗೆ ಬಿದ್ದಾಗಲೂ ಕೂಗದೆ ಸುಮ್ಮನೆ ಹಗ್ಗ ಹಿಡಿದು ನೇತಾಡುತ್ತಿದ್ದೆ. ಆವತ್ತು ನಾನು ಇಣುಕಿ ನೋಡದೇ ಇದ್ದಿದ್ದರೆ?

ಈಗ ಕೇಳು. ಮೊದಲು, ಆ ಮೂರು ಸೀಸೆಗಳ ಬಗ್ಗೆ ನಾನು ಬರೆದದ್ದನ್ನು ನೋಡಿಕೊಂಡು, ಪೀಪಾಯಿಗಳ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆ. ದೊಡ್ಡದಾಗಿ ಬರೆ. ಅಪ್ಪನ ಆತ್ಮ ಬಂದು ಬೈದರೆ ನನ್ನ ಹೆಸರು ಹೇಳು. ಆಮೇಲೆ ಮೂರರಿಂದಲೂ ಸೀಸೆ ಕಳಿಸುತ್ತಿರು. ನಾನು ಇಲ್ಲಿ ಅಳತೆ ಲೋಟದಲ್ಲಿ ಬೆರೆಸಿ, ಕುಡಿದು, ಯಾವುದು ಎಷ್ಟು ಅಂತ ಬರೆಯುತ್ತೇನೆ. ಬಿಸಿ, ಒಗರು ನೀನು ನೋಡಿಕೋ. ಮೂಗಿನ ಪಾಲು ನನ್ನದು. ಈ ವಯಸ್ಸಿನಲ್ಲಿ ಇಬ್ಬರೂ ಸೇರಿ ಒಬ್ಬ ಮನುಷ್ಯನಾದರೂ ಆಗೋಣ.

ನಿನ್ನ ಅಕ್ಕ,
ರೋಸಿನ್

*

ಮೋಂಬ್ರಾಕ್
27 ಫೆಬ್ರವರಿ 1972

ಅಕ್ಕ,

ನಿನ್ನ ಲೆಕ್ಕದ ಪ್ರಕಾರ ಒಂದು ಸಣ್ಣ ಪೀಪಾಯಿಯಷ್ಟು ಬೆರೆಸಿದ್ದೇನೆ. ಒಂದು ಸೀಸೆ ಇದರ ಜೊತೆ ಬರುತ್ತಿದೆ. ನೀನು ಹೂಂ ಅಂದರೆ ಇಡೀ ಸುಗ್ಗಿಯನ್ನು ಹೀಗೇ ಬೆರೆಸಿಬಿಡುತ್ತೇನೆ. ಆಮೇಲೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ.

ನನಗೊಂದು ಅನುಮಾನ. ಹೇಳಿಬಿಡುತ್ತೇನೆ. ನಾನು ಕಳಿಸಿದ ಸೀಸೆಗಳ ಬಗ್ಗೆ ಈ ತಿಂಗಳಲ್ಲಿ ನೀನು ನಾಲ್ಕು ಕಾಗದ ಬರೆದೆ. ನಾಲ್ಕರಲ್ಲೂ "ಚೆನ್ನಾಗಿದೆ", "ಬಹಳ ಚೆನ್ನಾಗಿದೆ", "ಅಪ್ಪನ ಕೈಯದೇ ಅನ್ನಿಸಿತು". ನಾನು ಕಟ್ಟಿದ ಹಗ್ಗದ ಗಂಟಿನಲ್ಲೂ ತಪ್ಪು ಹುಡುಕುತ್ತಿದ್ದ ರೋಸಿನ್ ಎಲ್ಲಿ ಹೋದಳು? ಕ್ಲಾರಿಸ್ ಕೂಡ ಹೀಗೇ. ಔದಿಬೆರ್ ಕೂಡ ಹೀಗೇ. ಊರಿಗೆ ಊರೇ ನನಗೆ ಸಕ್ಕರೆ ತಿನ್ನಿಸುತ್ತಿದೆ. ನೀನೂ ಅದೇ ಮಾಡುತ್ತಿದ್ದರೆ ನನಗೆ ತಿಳಿಯುವುದಾದರೂ ಹೇಗೆ? ಮೂಗಿಗೆ ಹಿಡಿದು ನೋಡಲು ನನ್ನ ಹತ್ತಿರ ಮೂಗೇ ಇಲ್ಲ.

ನಾನು ಕಳ್ಳನಲ್ಲದಿದ್ದಾಗ ನೀನು ನನ್ನ ಮಾತು ನಂಬಲಿಲ್ಲ. ಇನ್ನು ಸಾಯುವ ತನಕ ನಾನು ನಿನ್ನ ಮಾತನ್ನು ನಂಬಬೇಕು. ಅದಕ್ಕೇ ಹೇಳುತ್ತಿದ್ದೇನೆ, ಕನಿಕರದಿಂದ ಒಂದು ಸಾಲು ಬರೆದರೂ ನನಗೆ ಅದು ವಿಷ.

ಸೀಸೆ ಬಿಚ್ಚು. ಕುಡಿ. ನಿಜ ಬರೆ.

ಗಾಸ್ಪಾರ್

*

ಲಿಯೋನ್
4 ಮಾರ್ಚ್ 1972

ಗಾಸ್ಪಾರ್,

ಚೆನ್ನಾಗಿಲ್ಲ.

ಬಾಯಿಗೆ ಹಾಕಿದ ಕೂಡಲೇ ಸಿರಾ ಬಾಗಿಲು ಒದ್ದುಕೊಂಡು ಬರುತ್ತದೆ, ಗ್ರನಾಶ್‌ಗೆ ಉಸಿರಾಡಲು ಜಾಗವಿಲ್ಲ, ಮೂರ್ವೆದ್ರ್ ಎಲ್ಲೋ ಹಿಂದೆ ಮುಲುಗುತ್ತಿದೆ. ಬೆರ್ತೊಲೆಗೂ ಕೊಟ್ಟೆ. "ಅಮ್ಮಾ, ಇದನ್ನ ಇಲಿಗೂ ಹಾಕ್ಬೇಡ, ಪಾಪ" ಅಂದ.

ತಪ್ಪು ನಿನ್ನದಲ್ಲ, ನನ್ನ ಲೆಕ್ಕದ್ದು. ಹೋದ ತಿಂಗಳ ನಾಲ್ಕು ಕಾಗದಗಳಲ್ಲಿ ಮೂರು ಸುಳ್ಳು. ಚೆನ್ನಾಗಿಲ್ಲದ್ದಕ್ಕೂ ಚೆನ್ನಾಗಿದೆ ಅಂತ ಬರೆದೆ. ನಿನ್ನ ಮನಸ್ಸು ಮತ್ತೆ ನೋಯಬಾರದು ಅಂತ. ನೀನು ಹಿಡಿದುಬಿಟ್ಟೆ.

ಇಡೀ ಸುಗ್ಗಿಯನ್ನು ಇನ್ನೂ ಬೆರೆಸಿಲ್ಲ ತಾನೆ? ಬೆರೆಸಬೇಡ. ಆ ಸಣ್ಣ ಪೀಪಾಯಿಯನ್ನು ಔದಿಬೆರ್‌ಗೆ ಕೊಡು, ಅವನಿಗೆ ರುಚಿ ಗೊತ್ತಿಲ್ಲ. ಸಿರಾವನ್ನು ಅರ್ಧಕ್ಕೆ ಇಳಿಸು. ಗ್ರನಾಶ್ ಧಾರಾಳವಾಗಿ ಹಾಕು, ಹೊಲ ಉತ್ತವರಿಗೆ ಬಡಿಸುವ ಹಾಗೆ. ಮೂರ್ವೆದ್ರ್ ಒಂದು ಬೊಗಸೆ ಜಾಸ್ತಿಯಾದರೂ ಪರವಾಗಿಲ್ಲ. ಮತ್ತೆ ಕಳಿಸು. ಮತ್ತೆ ಬೈಯುತ್ತೇನೆ.

ರೋಸಿನ್